ಏಳನೆಯ ಚಮಚದ ಬೆನ್ನು

“ಗುಡ್ರುನಕ್ಕಾ, ಹನ್ನೆರಡಕ್ಕೆ ಹಡಗು ಬರುತ್ತೆ,” ಎಂದ ಹಾಲ್ವಾರ್. “ಅಷ್ಟರೊಳಗೆ ಏನಾದ್ರೂ ಹೊಸದು ಹೇಳೋದಿದ್ರೆ ಹೇಳಿ. ಇಲ್ಲಾಂದ್ರೆ ನಾನು ಅಜ್ಜೀನ ಪಟ್ಟಣದ ಕೋರ್ಟಿಗೆ ಕಳಿಸಲೇಬೇಕು.”

“ಗಡಿಯಾರ ನನಗೂ ಕಾಣುತ್ತೆ ಮಾರಾಯ. ಆ ಪರದೆ ಸರಿಸು, ಬೆಳಕು ಸಾಲದು.”

ಹೆಲ್ಲವಿಕ್ಕಿನ ಪೊಲೀಸ್ ಅಧಿಕಾರಿಯ ಜೊತೆ ಹೀಗೆ ಮಾತಾಡುವ ಹಕ್ಕು ಇಡೀ ಊರಲ್ಲಿ ನನ್ನೊಬ್ಬಳಿಗೇ ಇದೆ. ಆರು ವರ್ಷದವನಿದ್ದಾಗ ಅವನು ನಮ್ಮ ಅಪ್ಪನ ಅಕ್ಕಸಾಲೆಯಿಂದ ಊದುಕೊಳವೆ ಕದ್ದು ನನ್ನ ಕೈಗೆ ಸಿಕ್ಕಿಬಿದ್ದಿದ್ದ. ಅದನ್ನು ಅವನೂ ಮರೆತಿಲ್ಲ, ನಾನೂ ಮರೆತಿಲ್ಲ.

ಅವನು ಪರದೆ ಸರಿಸಿದ. ಮಾರ್ಚ್ ತಿಂಗಳ ಬಿಸಿಲು ಹಿಮದ ಮೇಲೆ ಬಿದ್ದು ಅಲ್ಲಿಂದ ಮೇಜಿನ ಮೇಲೆ ಬಿತ್ತು. ಮೇಜಿನ ಹಸಿರು ಬಟ್ಟೆಯ ಮೇಲೆ ಆರು ದೊಡ್ಡ ಬೆಳ್ಳಿ ಚಮಚಗಳಿದ್ದವು, ಒಂದೊಂದೂ ಮೊಳಕೈಯಷ್ಟು ಉದ್ದ. ಏಳನೆಯದು ನೀಲಿ ಮಖಮಲ್ಲಿನ ಡಬ್ಬಿಯಲ್ಲಿತ್ತು. ಆ ಡಬ್ಬಿಯ ಮೇಲೆ ಊರಿನ ದೊಡ್ಡ ಮೀನು ವ್ಯಾಪಾರದ ಮನೆಯ ಬ್ರಾಂಟ್ ಅಮ್ಮಾವರ ಕೈಯಿತ್ತು.

ಹೋದ ವಾರ ವೃದ್ಧಾಶ್ರಮದಲ್ಲಿ ಸುನ್ನಿವಾ ಅಜ್ಜಿಯ ಪೆಟ್ಟಿಗೆಯಿಂದ ಈ ಆರು ಚಮಚಗಳು ಹೊರಬಿದ್ದಾಗ, ಅವು ಮದುವೆಯ ಚಮಚಗಳೆಂದು ಬಾಯಿ ಬಿಟ್ಟವಳು ನಾನೇ.

ನಮ್ಮ ಕಡೆ ಇಷ್ಟು ದೊಡ್ಡ ಬೆಳ್ಳಿ ಚಮಚ ಮನೆಗೆ ಬರುವುದು ಮದುವೆಯಲ್ಲಿ. ಅದು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಬೇರೇನಾದರೂ ಇರಬಹುದೆಂದು ಹೊಳೆಯಲೇ ಇಲ್ಲ. ಸುನ್ನಿವಾ ಮದುವೆಯಾದವಳಲ್ಲ. ಮದುವೆಯಾಗದವಳ ಪೆಟ್ಟಿಗೆಯಲ್ಲಿ ಮದುವೆಯ ಚಮಚಕ್ಕೆ ಏನು ಕೆಲಸ? ಹಾಲ್ವಾರ್ ನನ್ನ ಮಾತನ್ನು ಹಾಗೆಯೇ ಬರೆದುಕೊಂಡ. ಮಾರನೆಯ ದಿನ ಬ್ರಾಂಟ್ ಅಮ್ಮಾವರು ತಮ್ಮ ಮನೆಯ ಚಮಚವೊಂದನ್ನು ಹಿಡಿದು ಬಂದು, ಇದರ ಜೊತೆಯ ಆರು ಬಹಳ ಹಿಂದೆ ಕಳುವಾಗಿದ್ದವು ಎಂದರು.

ಹೀಗೆ ಐವತ್ತು ವರ್ಷ ಎಲ್ದಾಲ್ ಕಣಿವೆಯ ಸೂಲಗಿತ್ತಿಯಾಗಿದ್ದ ಹೆಂಗಸು, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನನ್ನ ಅಧಿಕಪ್ರಸಂಗದಿಂದ ಕಳ್ಳಿಯಾದಳು. ಇವತ್ತು ಹಡಗು ಹತ್ತಿದರೆ ಅವಳಿಗೆ ವೃದ್ಧಾಶ್ರಮದ ಹಾಸಿಗೆಯೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಎಲ್ಲರ ಮನೆಯ ಒಳಕೋಣೆಗೆ ಕಾಲಿಟ್ಟವಳಿಗೆ ಹೆಸರು ಬಿಟ್ಟು ಬೇರೇನಿದೆ?

ಅವಳು ಒಲೆಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಗಂಟು, ಹೆಗಲ ಮೇಲೆ ಶಾಲು. ಒಂದು ವಾರದಿಂದ ಯಾರ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ.

“ಅಮ್ಮಾವ್ರೆ,” ಎಂದೆ ಬ್ರಾಂಟ್ ಅಮ್ಮಾವರಿಗೆ, “ಇವನ್ನ ಎಲ್ಲಿ ಮಾಡಿಸಿದ್ದು ಅಂದ್ರಿ?”

“ಕೋಪನ್‌ಹೇಗನ್ನಿನಲ್ಲಿ. ನನ್ನ ಗಂಡನ ಮುತ್ತಜ್ಜ ಮಾಡಿಸಿದ್ದು.”

“ಕೋಪನ್‌ಹೇಗನ್ನಿನ ಬೆಳ್ಳಿ ಮೇಲೆ ಮೂರು ಗೋಪುರದ ಮುದ್ರೆ ಇರುತ್ತೆ. ಇಲ್ಲಿ ನೋಡಿ, ಏಳು ಗುಂಡು. ಇದು ಬರ್ಗನ್ನಿನ ಮುದ್ರೆ. ಪಕ್ಕದಲ್ಲಿ ಒಂದು ಮತ್ತು ಐದು. ಹದಿನೆಂಟುನೂರ ಹದಿನೈದು.”

“ಬರ್ಗನ್ನೇ ಇರ್ಲಿ. ನೂರನಲವತ್ತು ವರ್ಷದ ಹಿಂದಿನ ಮಾತು, ಆ ಮುದುಕ ಎಲ್ಲಿ ಹೋಗಿ ತಂದ ಅಂತ ನಾನೇನು ಬೆನ್ನಿಗೆ ಹೋಗಿದ್ದೆನಾ?” ಅವರ ದನಿ ಏರಲಿಲ್ಲ. “ಏಳೂ ಒಂದೇ ಕೈಯ ಕೆಲಸ ಹೌದೋ ಅಲ್ವೋ? ಅದನ್ನ ಹೇಳು.”

“ಹೌದು. ಒಂದೇ ಕೈ, ಒಂದೇ ವರ್ಷ.”

“ಮತ್ತೆ ಮುಗೀತಲ್ಲ.”

ಹಾಲ್ವಾರ್ ನನ್ನ ಕಡೆ ನೋಡಿದ. ಆ ನೋಟದಲ್ಲಿ ಪೊಲೀಸಿನವನಿಗಿಂತ ಊದುಕೊಳವೆ ಕದ್ದ ಹುಡುಗನೇ ಹೆಚ್ಚಿದ್ದ. ಅವನಿಗೂ ಅಜ್ಜಿಯನ್ನು ಕಳಿಸಲು ಮನಸ್ಸಿರಲಿಲ್ಲ. ಅವನು ಹುಟ್ಟಿದ್ದೂ ಅವಳ ಕೈಯಲ್ಲೇ.

“ಇವನ್ನ ಯಾವುದಕ್ಕೆ ಬಳಸ್ತಿದ್ರಿ ಅಮ್ಮಾವ್ರೆ?”

“ಕ್ರಿಸ್ಮಸ್ ಊಟಕ್ಕೆ ಮೀನು ಬಡಿಸೋಕೆ. ಅಷ್ಟೂ ಗೊತ್ತಿಲ್ವಾ ನಿನಗೆ?”

ನಾನು ಒಂದು ಚಮಚ ಎತ್ತಿ ಕಿಟಕಿಯ ಕಡೆ ಹಿಡಿದೆ. ಮೀನು ಬಡಿಸುವುದು ಪಿಂಗಾಣಿ ತಟ್ಟೆಯಿಂದ. ಪಿಂಗಾಣಿ ಬೆಳ್ಳಿಯನ್ನು ಗೀರುತ್ತದೆ, ಚಮಚದ ಹೊಟ್ಟೆಯ ಅಡಿ ಸವೆಯುತ್ತದೆ. ಇಲ್ಲಿ ಅಡಿ ಹೊಸದರಂತಿತ್ತು. ಸವೆದದ್ದು ತುದಿಯ ಎಡ ಅಂಚು, ಅದೂ ಒಂದು ಗೀರಿಲ್ಲದೆ, ಹೆಬ್ಬೆರಳಿನಿಂದ ಸವರಿದ ಹಾಗೆ ನುಣ್ಣಗೆ. ಆರೂ ಚಮಚಗಳು ಹಾಗೆಯೇ ಇದ್ದವು.

“ಹಾಲ್ವಾರ್, ಬೆಳ್ಳೀನ ಗೀರದೆ ಸವೆಸೋದು ಯಾವುದು ಹೇಳು.”

“ನನ್ನ ಕೇಳಿದ್ರೆ? ನೀವಲ್ವಾ ಅಕ್ಕಸಾಲಿಗನ ಮಗಳು.”

“ಮರ. ಇದು ನೂರಾರು ಸಲ ಮರದ ಪಾತ್ರೆಯ ತಳ ಕೆರೆದಿದೆ. ಬಲಗೈಯವರು ಗುಂಡು ಪಾತ್ರೆಯ ತಳದ ಅಂಚಿನಿಂದ ಗಟ್ಟಿಯಾದದ್ದೇನನ್ನೋ ಕೆರೆದು ತೆಗೆದಿದ್ದಾರೆ. ಬ್ರಾಂಟ್ ಮನೆಯಲ್ಲಿ ಮೀನನ್ನ ಮರದ ಬೋಗುಣಿಯಲ್ಲಿ ಇಡ್ತಾರಾ?”

ಅಮ್ಮಾವರು, ಉತ್ತರ ಕೊಡುವಷ್ಟು ನಾನು ದೊಡ್ಡವಳಲ್ಲ ಎಂಬಂತೆ ಕೈಗವಸು ಸರಿಮಾಡಿಕೊಂಡರು.

ನಾನು ಭೂತಗನ್ನಡಿ ತೆಗೆದೆ. ಕಳೆದ ವಾರವೂ ತೆಗೆದಿದ್ದೆ, ಆದರೆ ಆಗ ಮುದ್ರೆ ನೋಡಿ ಹೆಮ್ಮೆಯಿಂದ ಒಳಗಿಟ್ಟಿದ್ದೆ. ಗೊತ್ತಿದ್ದುದನ್ನು ಕಂಡ ಕೂಡಲೇ ನೋಡುವುದನ್ನು ನಿಲ್ಲಿಸುವ ಕೆಟ್ಟ ಚಾಳಿ ನನ್ನದು. ಈಗ ತುದಿಯಿಂದ ಹಿಡಿಕೆಯವರೆಗೆ ಬೆರಳಗಲ ಬೆರಳಗಲವಾಗಿ ನೋಡಿದೆ.

ಕುತ್ತಿಗೆಯ ಹತ್ತಿರ, ಹೊಟ್ಟೆ ಮುಗಿದು ಹಿಡಿಕೆ ಶುರುವಾಗುವ ಕಡೆ, ಎರಡೂ ಅಂಚುಗಳಲ್ಲಿ ಒಂದೊಂದು ಹೊಳೆಯುವ ಪಟ್ಟಿಯಿತ್ತು. ಅಲ್ಲಿ ಬೆಳ್ಳಿ ಕೂದಲೆಳೆಯಷ್ಟು ಒಳಗೆ ಹೋಗಿತ್ತು. ಎರಡನೆಯದರಲ್ಲೂ ಅದೇ ಜಾಗ, ಮೂರನೆಯದರಲ್ಲೂ ಅದೇ ಜಾಗ. ಯಾವುದೋ ಮರದ ಸೀಳು ಈ ಚಮಚಗಳ ಕುತ್ತಿಗೆಯನ್ನು ವರ್ಷಗಟ್ಟಲೆ ಹಿಡಿದುಕೊಂಡಿತ್ತು.

ಯಾವ ಸೀಳು? ನಾನು ತಲೆಯೆತ್ತಿದೆ. ಒಲೆಯ ಪಕ್ಕ, ಸುನ್ನಿವಾಳ ಕಾಲಿನ ಹತ್ತಿರ, ಹಾಲ್ವಾರ್ ಚಕ್ಕೆಸೌದೆ ತುಂಬಿಡುವ ಮರದ ಪಾತ್ರೆ ಇತ್ತು. ಕೆಂಪು, ನೀಲಿ ಹೂಬಳ್ಳಿ ಬಿಡಿಸಿದ ಹಳೇ ಗಂಜಿಪಾತ್ರೆ. ಎರಡು ಕಡೆ ಕಿವಿ, ಮೇಲೊಂದು ಮುಚ್ಚಳ.

“ಅದು ಎಲ್ಲಿಯದು?”

“ನಮ್ಮಮ್ಮನದು. ಅವಳು ಹೋದ ಮೇಲೆ ತೋಟದ ಮನೆಯಿಂದ ತಂದಿಟ್ಕೊಂಡೆ. ಯಾಕೆ?”

“ಸೌದೆ ಸುರಿದು ಇಲ್ಲಿ ಕೊಡು.”

“ಅಕ್ಕಾ, ನೆಲ ಈಗ ತಾನೇ ಗುಡಿಸಿದ್ದು.”

“ಮತ್ತೆ ಗುಡಿಸು.”

ಮುಚ್ಚಳದ ಮೇಲಿನ ಹಿಡಿಯಲ್ಲಿ ಅಡ್ಡಡ್ಡ ಒಂದು ಸೀಳಿತ್ತು. ಇಂಥ ಎಷ್ಟೋ ಮುಚ್ಚಳಗಳಲ್ಲಿ ಈ ಸೀಳನ್ನು ನೋಡಿದ್ದೇನೆ. ಆವಿ ಹೋಗಲು ಎನ್ನುವವರಿದ್ದಾರೆ, ಮುಚ್ಚಳ ಎತ್ತಲು ಎನ್ನುವವರಿದ್ದಾರೆ. ನಾನು ಚಮಚವನ್ನು ಹಿಡಿಕೆಯ ಕಡೆಯಿಂದ ಅದಕ್ಕೆ ತೂರಿಸಿದೆ. ಅದು ಸದ್ದಿಲ್ಲದೆ ಇಳಿದು, ಕುತ್ತಿಗೆಯ ಹೊಳೆಯುವ ಪಟ್ಟಿ ಸೀಳಿನ ಅಂಚಿಗೆ ಸರಿಯಾಗಿ ಕೂತು, ಅಲ್ಲಾಡದೆ ನಿಂತಿತು.

ಉಳಿದ ಐದನ್ನೂ ತೂರಿಸಿ ನೋಡಿದೆ. ಐದೂ ಹಾಗೆಯೇ ಕೂತವು.

ಹಾಲ್ವಾರ್ ಸೌದೆ ಗುಡಿಸುವುದನ್ನು ನಿಲ್ಲಿಸಿದ.

“ಇದರಲ್ಲಿ ಗಂಜಿ ಒಯ್ಯೋದು ಯಾವಾಗ?” ಎಂದೆ, ಯಾರನ್ನೂ ನೋಡದೆ.

“ಯಾರ ಮನೆಯಲ್ಲಾದ್ರೂ ಹೆರಿಗೆ ಆದಾಗ,” ಎಂದ ಅವನು. “ಅಕ್ಕಪಕ್ಕದ ಹೆಂಗಸ್ರು ಕೆನೆಗಂಜಿ ಮಾಡಿ ಬಾಣಂತಿಗೆ ಒಯ್ತಿದ್ರು. ಅದು ಎಲ್ಲರಿಗೂ ಗೊತ್ತು. ಆದ್ರೆ ಬೆಳ್ಳಿ ಚಮಚ ನಾನು ಕೇಳಿಲ್ಲ.”

“ನೀನು ಯಾವ ಬಾಣಂತಿ ಕೋಣೆ ಒಳಗೆ ಹೋಗಿದ್ದೀಯ? ಬಾಗಿಲ ಒಳಗೆ ಗಂಡಸರಿಗೆ ಜಾಗ ಇಲ್ಲ. ನಾನು ಊರವಳು, ಕಣಿವೆಯವಳಲ್ಲ, ಮಕ್ಕಳಿಲ್ಲದವಳು. ನನಗೂ ಯಾರೂ ಗಂಜಿ ತಂದಿಲ್ಲ. ಗೊತ್ತಿರೋ ಹೆಂಗಸರನ್ನ ನಾವಿಬ್ಬರೂ ಕೇಳಲೇ ಇಲ್ಲ.”

ಒಲೆಯ ಕಡೆಯಿಂದ ಒಂದು ದನಿ ಬಂತು. ಒಂದು ವಾರ ಮುಚ್ಚಿದ್ದ ಬಾಯಿ, ಮೊದಲ ಪದ ಒಡೆದೇ ಬಂತು.

“ಮೊದಲ ಚಮಚ ತಾಯಿಗೆ,” ಎಂದಳು ಸುನ್ನಿವಾ. “ಎಷ್ಟು ಬಡವಿ ಆದ್ರೂ ಆ ದಿನ ಅವಳು ಬೆಳ್ಳಿಯಲ್ಲೇ ಉಣ್ಣಬೇಕು. ಹಾಗಂತ ಮಾಡಿಸಿದ್ದು.”

“ಯಾರು ಮಾಡಿಸಿದ್ದು ಅಜ್ಜಿ?”

“ಕಣಿವೆಯವರೇ. ಬರಗಾಲದ ಕಾಲದಲ್ಲಿ, ಮರದ ತೊಗಟೆ ಅರೆದು ರೊಟ್ಟಿ ಮಾಡ್ತಿದ್ರಂತಲ್ಲ, ಆಗ ಆರು ವರ್ಷ ಒಂದು ಕೂಸೂ ಉಳೀಲಿಲ್ಲವಂತೆ. ಅದು ಕಳೆದು ಮೊದಲ ಕೂಸು ಉಳಿದ ವರ್ಷ, ಎಲ್ಲರೂ ಹಬ್ಬದ ಅಂಗಿಯ ಬೆಳ್ಳಿ ಗುಂಡಿ ಕಿತ್ತು ಕೊಟ್ರಂತೆ. ಅದನ್ನ ಕರಗಿಸಿ ಏಳು ಚಮಚ. ಯಾರ ಮನೆಯವೂ ಅಲ್ಲ. ಸೂಲಗಿತ್ತಿ ಇಟ್ಕೋಬೇಕು, ಸಾಯೋ ಮುಂಚೆ ಮುಂದಿನವಳಿಗೆ ಕೊಡಬೇಕು. ಈಗ ಎಲ್ಲರೂ ಆಸ್ಪತ್ರೆಗೆ ಹೋಗ್ತಾರೆ. ನನ್ನ ಮುಂದೆ ಯಾರೂ ಇಲ್ಲ.”

ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

ನನಗೆ ಆಗ ಚಮಚಗಳ ಬೆನ್ನು ನೆನಪಾಯಿತು. ಹಿಡಿಕೆಯ ಹಿಂಬದಿ ಪೂರ್ತಿ ಸಾಲುಸಾಲಾಗಿ ಸಣ್ಣ ಚುಕ್ಕಿಗಳಿದ್ದವು. ‘ಹಳ್ಳಿಯ ಒರಟು ಅಲಂಕಾರ’ ಎಂದು ಕಳೆದ ವಾರ ನಾನೇ ಬರೆಸಿದ್ದೆ. ಆ ಕಾಗದವನ್ನು ಯಾರಾದರೂ ನನ್ನ ಬಾಯಿಗೆ ತುರುಕಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ.

ಚಮಚ ತಿರುಗಿಸಿ ಭೂತಗನ್ನಡಿ ಇಟ್ಟೆ.

ಒಂದೊಂದು ಸಾಲಿನ ಮೊದಲಿಗೆ ಒಂದೊಂದು ಗುರುತು. ಕೊಡಲಿ, ಬಾಣ, ಎರಡು ಗೆರೆಯ ಮೇಲೊಂದು ಅಡ್ಡಗೆರೆ. ನಮ್ಮ ಕಡೆ ಪ್ರತಿ ತೋಟದ ಮನೆಗೂ ಇಂಥ ಒಂದು ಮನೆಗುರುತು ಇರುತ್ತದೆ. ದೋಣಿಯ ಮೇಲೆ, ಕೊಡಲಿಯ ಕಾವಿನ ಮೇಲೆ, ಕುರಿಯ ಕಿವಿಯಲ್ಲಿ ಅದನ್ನೇ ಕೊರೆಯುತ್ತಾರೆ. ಗುರುತಿನ ಮುಂದೆ ಚುಕ್ಕಿಗಳು. ಅವು ಒಬ್ಬರು ಒಂದೇ ಸಲ ಕೂತು ಮಾಡಿದ ಚುಕ್ಕಿಗಳಲ್ಲ. ಒಂದು ಚಪ್ಪಲಿ ಮೊಳೆಯಿಂದ ಕುಟ್ಟಿದ್ದು, ಒಂದು ದಬ್ಬಳದಿಂದ, ಒಂದು ಚಾಕುವಿನ ಮೊನೆಯಿಂದ. ಒಂದನ್ನು ಹೊಲಿಗೆ ಸೂಜಿಯಿಂದ ಒತ್ತಿದ್ದರು, ಒತ್ತಿದ ಕೈ ನಡುಗಿತ್ತು. ಮೊದಲಿನವು ಬೆರಳುಗಳ ಸವೆತಕ್ಕೆ ಅಳಿಸಿಯೇ ಹೋಗಿದ್ದವು, ಉಗುರಿಗೆ ಮಾತ್ರ ಸಿಗುತ್ತಿದ್ದವು.

“ಚುಕ್ಕಿ ಅಂದ್ರೆ ಉಳಿದ ಕೂಸು,” ಎಂದಳು ಸುನ್ನಿವಾ. “ಶಿಲುಬೆ ಅಂದ್ರೆ ಹೋದದ್ದು.”

ಎರಡನೆಯ ಚಮಚದಲ್ಲಿ ಒಂದೇ ಮನೆಯ ಸಾಲಿನಲ್ಲಿ ಐದು ಶಿಲುಬೆಗಳು ಒಂದರ ಪಕ್ಕ ಒಂದಿದ್ದವು. ಆರನೆಯದು ಚುಕ್ಕಿ. ಆ ಚುಕ್ಕಿಯನ್ನು ಯಾರೋ ಮೂರು ಸಲ ಕುಟ್ಟಿ ಆಳ ಮಾಡಿದ್ದರು.

ನಾನು ಚಮಚವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಲವತ್ತು ವರ್ಷದಿಂದ ಬೆಳ್ಳಿ ರಿಪೇರಿ ಮಾಡುತ್ತಿದ್ದೇನೆ. ರಾಜಮನೆತನದ ಕಿರೀಟವಿದ್ದ ಬಟ್ಟಲನ್ನೂ ಮುಟ್ಟಿದ್ದೇನೆ, ಯಾವುದೂ ನನ್ನನ್ನು ಹೀಗೆ ಸುಮ್ಮನಾಗಿಸಿರಲಿಲ್ಲ. ಒಂದು ಕಣಿವೆಯ ನೂರನಲವತ್ತು ವರ್ಷದ ತಾಯಂದಿರು, ಮಕ್ಕಳು, ಹುಟ್ಟಿದವರು, ಹೋದವರು, ಎಲ್ಲರೂ ನನ್ನ ಅಂಗೈಯಲ್ಲಿದ್ದರು. ಇದನ್ನು ಬಟ್ಟೆಯಿಂದ ಒರೆಸಿ ಮುದ್ರೆ ಹುಡುಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹಾಲ್ವಾರ್ ಟೋಪಿ ತೆಗೆದಿದ್ದ. ತೆಗೆದದ್ದು ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

“ಕತೆ ಚೆನ್ನಾಗಿದೆ,” ಎಂದರು ಬ್ರಾಂಟ್ ಅಮ್ಮಾವರು. “ಆದ್ರೆ ಅದು ಕತೆ. ಈ ಮುದುಕಿ ಹೇಳ್ತಾಳೆ, ಈ ರಿಪೇರಿಯವಳು ತಲೆದೂಗ್ತಾಳೆ. ಹಾಲ್ವಾರ್, ನಿಮಗೆ ಸಾಕ್ಷಿ ಬೇಕಲ್ವಾ?”

“ಬೇಕು ಅಮ್ಮಾವ್ರೆ,” ಎಂದ ಅವನು ನಿಧಾನವಾಗಿ. ಸೊಂಟದ ಚಾಕು ತೆಗೆದು ಅದರ ಹಿಡಿ ನನಗೆ ತೋರಿಸಿದ. ಅಲ್ಲಿ ಮರಳುಗಡಿಯಾರದಂಥ ಒಂದು ಗುರುತಿತ್ತು. “ಇದು ನಮ್ಮ ಶೈಯೆ ತೋಟದ ಗುರುತು. ನೀವು ಹೇಳೋದು ನಿಜ ಆದ್ರೆ ನಾನೂ ಇದರಲ್ಲಿ ಇರಬೇಕಲ್ಲ ಅಕ್ಕಾ. ಹತ್ತೊಂಬತ್ತುನೂರ ಇಪ್ಪತ್ತೊಂದನೇ ಇಸವಿ, ಫೆಬ್ರವರಿ. ನಮ್ಮಮ್ಮನಿಗೆ ನಾನೊಬ್ಬನೇ. ನನ್ನ ಹುಡುಕಿ. ಸಿಕ್ಕಿದ್ರೆ ಅಜ್ಜಿ ಹಡಗು ಹತ್ತಲ್ಲ.”

“ಬೇಡ,” ಎಂದಳು ಸುನ್ನಿವಾ.

ನಾವಿಬ್ಬರೂ ತಿರುಗಿದೆವು. ಅವಳು ಎದ್ದು ನಿಂತಿದ್ದಳು.

“ಬೇಡ ಮಗಾ. ಹುಡುಕಬೇಡಿ. ನಾನೇ ಕದ್ದೆ ಅಂತ ಬರ್ಕೋ.”

“ಅಜ್ಜಿ, ಈಗ ತಾನೇ ನೀವು—”

“ಬರ್ಕೋ ಅಂದ್ನಲ್ಲ. ನಾನು ಹಡಗಿಗೆ ಹೋಗ್ತೀನಿ.”

ನಾನು ಅಲ್ಲೇ ನಿಲ್ಲಿಸಬೇಕಿತ್ತು. ಎಷ್ಟೋ ಸಲ ಯೋಚಿಸಿದ್ದೇನೆ, ಆ ಕ್ಷಣದಲ್ಲಿ ಭೂತಗನ್ನಡಿ ಜೇಬಿಗಿಟ್ಟಿದ್ದರೆ ಏನಾಗುತ್ತಿತ್ತೆಂದು. ಆದರೆ ನನ್ನ ಕಣ್ಣು ಆಗಲೇ ಮೂರನೆಯ ಚಮಚದ ಮೇಲೆ ಮರಳುಗಡಿಯಾರವನ್ನು ಹಿಡಿದಿತ್ತು.

ಶೈಯೆ ತೋಟದ ಸಾಲು ಉದ್ದವಾಗಿತ್ತು. ಹಾಲ್ವಾರನ ಮುತ್ತಜ್ಜ, ಅಜ್ಜ, ಅಪ್ಪ. ಕೊನೆಯಲ್ಲಿ ಅವನು.

ಕೊನೆಯಲ್ಲಿ ಒಂದಲ್ಲ, ಎರಡು ಚುಕ್ಕಿಗಳಿದ್ದವು. ಒಂದಕ್ಕೊಂದು ತಾಗಿಕೊಂಡು, ಒಂದೇ ಸೂಜಿಯಿಂದ, ಒಂದೇ ಆಳಕ್ಕೆ ಒತ್ತಿದವು.

“ಸಿಕ್ಕಿತಾ?” ಎಂದ ಹಾಲ್ವಾರ್.

“ಸಿಕ್ಕಿತು.”

“ಮತ್ತೆ ಯಾಕೆ ಹಾಗೆ ನೋಡ್ತಿದ್ದೀರಿ?”

ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

“ಎರಡಿದೆ,” ಎಂದ. “ಇನ್ನೊಂದು ಸತ್ತು ಹೋಯ್ತಾ ಅಜ್ಜಿ?”

ಸುನ್ನಿವಾ ಮುಖ ತಿರುಗಿಸಿದಳು. ಸತ್ತಿದ್ದರೆ ಶಿಲುಬೆ ಇರುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಈಗ ತಾನೇ ಕೇಳಿದ್ದ.

“ನಮ್ಮಮ್ಮ ಪ್ರತಿ ಕ್ರಿಸ್ಮಸ್ಸಿಗೆ ನನ್ನ ಗಂಜಿ ಬಟ್ಟಲಿನ ಪಕ್ಕ ಇನ್ನೊಂದು ಬಟ್ಟಲಿಡ್ತಿದ್ಲು,” ಎಂದ ಹಾಲ್ವಾರ್, ಚಮಚಕ್ಕೇ ಹೇಳುವವನಂತೆ. “ಕಣ್ಣಿಗೆ ಕಾಣದೆ ಕೊಟ್ಟಿಗೆ ಕಾಯ್ತಾನೆ ಅಂತಾರಲ್ಲ, ಆ ಮುದುಕನಿಗೆ ಅಂದ್ಕೊಂಡಿದ್ದೆ. ಎಲ್ಲರೂ ಅವನ ಬಟ್ಟಲನ್ನ ಕೊಟ್ಟಿಗೇಲಿ ಇಡ್ತಾರೆ. ಇವಳು ಯಾಕೆ ಮೇಜಿನ ಮೇಲೆ ಇಡ್ತಾಳೆ ಅಂತ ಕೇಳಲೇ ಇಲ್ಲ ನಾನು.”

ಎರಡನೆಯ ಚುಕ್ಕಿಯಿಂದ ಒಂದು ಗೆರೆ ಹೊರಟಿತ್ತು. ಕೂದಲಿಗಿಂತ ತೆಳುವಾದ ಗೆರೆ. ಅದು ಹಿಡಿಕೆಯ ಅಂಚಿನವರೆಗೆ ಹೋಗಿ ಒಂದು ಪುಟ್ಟ ಗುರುತಿನ ಹತ್ತಿರ ನಿಂತಿತ್ತು. ಕಣಿವೆಯ ಯಾವ ತೋಟದ ಗುರುತೂ ಅದಲ್ಲ. ಒಂದು ಕೊಕ್ಕೆ, ಅದಕ್ಕೊಂದು ಅಡ್ಡಪಟ್ಟಿ.

ಕಿಟಕಿಯಾಚೆ ಹಡಗುಕಟ್ಟೆಯ ಮೇಲೆ ಮೀನಿನ ಪೀಪಾಯಿಗಳು ಸಾಲಾಗಿ ನಿಂತಿದ್ದವು. ಪ್ರತಿ ಪೀಪಾಯಿಯ ಮುಚ್ಚಳದ ಮೇಲೂ ಕಪ್ಪು ಬಣ್ಣದಲ್ಲಿ ಒಂದು ಕೊಕ್ಕೆ, ಅದಕ್ಕೊಂದು ಅಡ್ಡಪಟ್ಟಿ. ಹುಟ್ಟಿದಾಗಿನಿಂದ ನಾನು ನೋಡುತ್ತಿರುವ ಬ್ರಾಂಟ್ ವ್ಯಾಪಾರದ ಗುರುತು.

ಹಾಲ್ವಾರ್ ಇನ್ನೂ ಕಿಟಕಿಯ ಕಡೆ ನೋಡಿರಲಿಲ್ಲ. ನಾನು ಅಮ್ಮಾವರ ಕಡೆ ತಿರುಗಿದೆ.

“ಆ ಡಬ್ಬಿ ಕೊಡಿ.”

“ಯಾಕೆ?”

“ಏಳನೆಯದರ ಬೆನ್ನು ನೋಡಬೇಕು.”

“ನೋಡು. ಅದರಲ್ಲಿ ಏನೂ ಇಲ್ಲ.” ಅಷ್ಟು ಬೇಗ ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಾರೆಂದು ನಾನೆಣಿಸಿರಲಿಲ್ಲ.

ನಿಜ, ಅದರಲ್ಲಿ ಏನೂ ಇರಲಿಲ್ಲ. ಬೆನ್ನು ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು, ಇದು ಉಳಿದವುಗಳಿಗಿಂತ ಹಗುರ. ಹಿಡಿಕೆಯ ಅಂಚು ತೆಳ್ಳಗಿತ್ತು. ಯಾರೋ ಇದನ್ನು ಅರದಿಂದ ಉಜ್ಜಿ, ಆಮೇಲೆ ಪಾಲಿಶ್ ಮಾಡಿದ್ದರು.

“ಅಜ್ಜಿ, ಆರು ಚಮಚ ಕಣಿವೆಯ ಮನೆಗಳಿಗೆ. ಏಳನೆಯದು ಯಾರಿಗೆ?”

ಸುನ್ನಿವಾ ಮುಖ ತಿರುಗಿಸಿ ನಿಂತೇ ಉತ್ತರಿಸಿದಳು. “ಹೊರಗಿನವರಿಗೆ. ದೋಣಿಯವರು, ಊರವರು. ಯಾರು ಕರೆದ್ರೂ ಹೋಗ್ತಿದ್ವಿ.”

“ಕರೆದ ಮನೆಯವರು ಚಮಚ ವಾಪಸ್ಸು ಕೊಡಬೇಕಲ್ವಾ?”

“ಕೊಡಬೇಕು. ಮುಂದಿನ ಬಾಣಂತಿಗೆ ಬೇಕಲ್ಲ.”

“ಇದನ್ನ ಮೂವತ್ತನಾಲ್ಕು ವರ್ಷದಿಂದ ಕೊಟ್ಟಿಲ್ಲ.” ನನಗೆ ಸಿಟ್ಟು ಬಂದಿತ್ತು. “ಅಮ್ಮಾವ್ರೆ, ಒಂದು ಚಮಚ ಇಟ್ಕೊಂಡವರಿಗೆ ಈಗ ಇದ್ದಕ್ಕಿದ್ದಂತೆ ಆರೂ ಯಾಕೆ ಬೇಕಾಯ್ತು? ಪೆಟ್ಟಿಗೇಲಿದ್ದಷ್ಟು ದಿನ ನೀವು ಸುಮ್ಮನಿದ್ರಿ. ಹೊರಗೆ ಬಂದ ಮೇಲೆ ಯಾರಾದ್ರೂ ಓದಿಬಿಟ್ರೆ ಅಂತ ಹೆದರಿದ್ರಿ. ಅವನ್ನೂ ಹೀಗೇ ಉಜ್ಜಬೇಕಿತ್ತು, ಅಲ್ವಾ?”

“ಉಜ್ಜಿದ ಬೆಳ್ಳಿ ಏನು ಹೇಳುತ್ತೆ ನಿನಗೆ?” ಎಂದರು ಅವರು. ತುಟಿ ಬಿಳಿಚಿಕೊಂಡಿತ್ತು.

ಅಕ್ಕಸಾಲಿಗರಿಗೆಲ್ಲ ಗೊತ್ತಿರುವ ಒಂದು ಸಂಗತಿ ಅವರಿಗೆ ಗೊತ್ತಿರಲಿಲ್ಲ. ಕುಟ್ಟಿದ ಬೆಳ್ಳಿ ಕುಟ್ಟಿದ ಜಾಗದಲ್ಲಿ ಆಳದವರೆಗೆ ಗಟ್ಟಿಯಾಗುತ್ತದೆ. ಮೇಲೆ ಎಷ್ಟು ಉಜ್ಜಿದರೂ ಒಳಗಿನದು ಹೋಗುವುದಿಲ್ಲ. ಕಣ್ಣಿಗೆ ಕಾಣದ್ದು ಉಸಿರಿಗೆ ಕಾಣುತ್ತದೆ.

ನಾನು ಚಮಚದ ಬೆನ್ನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಉಸಿರು ಬಿಟ್ಟೆ.

ಹಬೆ ಕೂತಿತು. ಹಬೆಯ ನಡುವೆ ಒಂದೊಂದಾಗಿ ಚುಕ್ಕಿಗಳು ಎದ್ದವು. ಮೀನುಗಾರರ ಗುರುತುಗಳು, ದೋಣಿಯ ಗುರುತುಗಳು, ನನಗೆ ತಿಳಿಯದ ಯಾರ್ಯಾರದೋ ಮಕ್ಕಳು. ತಮ್ಮದೊಂದು ಗುಟ್ಟಿಗಾಗಿ ಅಮ್ಮಾವರು ಅವರೆಲ್ಲರನ್ನೂ ಉಜ್ಜಿ ಹಾಕಿದ್ದರು. ಅವರೆಲ್ಲರೂ ಒಂದು ಉಸಿರಿಗೆ ವಾಪಸ್ಸು ಬಂದರು. ನನ್ನ ಮೈಯ ಕೂದಲು ನಿಂತಿತು. ಚರ್ಚಿನಲ್ಲೂ ನನಗೆ ಹೀಗಾಗಿಲ್ಲ.

ಕೊನೆಯಲ್ಲಿ ಕೊಕ್ಕೆ ಮತ್ತು ಅಡ್ಡಪಟ್ಟಿ. ಅದರ ಮುಂದೆ ಒಂದು ಶಿಲುಬೆ. ಶಿಲುಬೆಯ ಪಕ್ಕ, ಹೊರಗಿನಿಂದ ಬಂದ ಒಂದು ತೆಳು ಗೆರೆಯ ತುದಿಯಲ್ಲಿ, ಒಂದು ಚುಕ್ಕಿ.

ಹಾಲ್ವಾರ್ ನನ್ನ ಭುಜದ ಮೇಲಿಂದ ನೋಡುತ್ತಿದ್ದ. ಅವನ ಉಸಿರಾಟ ನನಗೆ ಕೇಳಿಸುತ್ತಿತ್ತು. ಅವನು ನಿಧಾನವಾಗಿ ಕಿಟಕಿಯ ಕಡೆ, ಪೀಪಾಯಿಗಳ ಕಡೆ ನೋಡಿದ.

“ಬ್ರಾಂಟ್ ಮನೆಯಲ್ಲಿ ಹುಟ್ಟಿದ್ದು ಒಂದೇ ಮಗು,” ಎಂದ. “ಡಿಡ್ರಿಕ್.”

“ಆ ಚಳಿಗಾಲ ನಿಮ್ಮಪ್ಪ ಹಿಮದ ಕೆಳಗೆ ಸಿಕ್ಕಿ ಸತ್ತು ಹದಿನೈದು ದಿನ ಆಗಿತ್ತು ಮಗಾ,” ಎಂದಳು ಸುನ್ನಿವಾ. “ನಿಮ್ಮಮ್ಮನ ಹಾಲು ಒಬ್ಬನಿಗೇ ಸಾಲ್ತಿರಲಿಲ್ಲ. ಇನ್ನೊಬ್ಬನನ್ನ ಅವಳೇ ಎತ್ತಿ ಕೊಟ್ಲು. ಯಾರಿಗೂ ಹೇಳಲ್ಲ ಅಂತ ಇಬ್ಬರು ತಾಯಂದಿರಿಗೂ ಮಾತು ಕೊಟ್ಟೆ. ಆದ್ರೆ ಚಮಚಕ್ಕೆ ಸುಳ್ಳು ಹೇಳೋಕೆ ನನ್ನ ಕೈ ಬರಲಿಲ್ಲ.”

ಬ್ರಾಂಟ್ ಅಮ್ಮಾವರು ಕೈಗವಸುಗಳನ್ನು ನೋಡುತ್ತಾ ಕೂತಿದ್ದರು. ಅವರನ್ನು ದ್ವೇಷಿಸಲು ನಾನು ಸಿದ್ಧಳಾಗಿದ್ದೆ.

“ಎರಡು ದಿನ ಅದನ್ನ ಎತ್ತಿಕೊಂಡೇ ಇದ್ದೆ,” ಎಂದರು. “ತಣ್ಣಗಾಗಿತ್ತು. ಗೊತ್ತಿತ್ತು ನನಗೆ. ಸುನ್ನಿವಾ ಬಂದು ಅದನ್ನ ತಗೊಂಡು, ಬೆಚ್ಚಗಿರೋದನ್ನ ಕೊಟ್ಲು.” ಆಮೇಲೆ ತಲೆಯೆತ್ತಿದರು. “ಅವನಿಗೆ ಹೇಳಬೇಡಿ ಹಾಲ್ವಾರ್. ನಾನು ದೂರು ವಾಪಸ್ಸು ತಗೋತೀನಿ. ಏನು ಬೇಕೋ ಬರ್ಕೊಳ್ಳಿ. ಅವನಿಗೆ ಮಾತ್ರ ಬೇಡ.”

ಹಬೆ ಆರಿದ್ದ ಚಮಚಕ್ಕೆ ಹಾಲ್ವಾರ್ ತಾನೇ ಬಗ್ಗಿ ಇನ್ನೊಮ್ಮೆ ಉಸಿರು ಬಿಟ್ಟ. ಸುನ್ನಿವಾ ತನ್ನ ಗಂಟನ್ನು ಕೆಳಗಿಡಲಿಲ್ಲ.

ಹೊರಗೆ ಹಡಗು ಕೂಗಿತು. ಅದರ ಹಿಂದೆಯೇ ಮೆಟ್ಟಿಲ ಮೇಲೆ ಬೂಟಿನ ಸದ್ದು. ಬಾಗಿಲು ತೆರೆದು ಡಿಡ್ರಿಕ್ ಬ್ರಾಂಟ್ ಒಳಗೆ ಬಂದ. ಚಳಿಯಿಂದ ಬಂದವನ ಕನ್ನಡಕ ಮಂಜಾಯಿತು. ಅವನು ಅದನ್ನು ತೆಗೆದು, ಇನ್ನೊಮ್ಮೆ ಉಸಿರೂದಿ, ತೋಳಿನಿಂದ ಚೊಕ್ಕವಾಗಿ ಒರೆಸಿದ. ಕೊಳೆ ಕಂಡರೆ ಅವನಿಗೆ ಆಗದು, ಚಿಕ್ಕಂದಿನಿಂದ ಹಾಗೇ.

“ಅಮ್ಮಾ, ಮುಗೀತಾ?” ಎಂದ. ಆಮೇಲೆ ಹಾಲ್ವಾರನನ್ನು ನೋಡಿದ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು, ಒಂದು ದಿನವೂ ಸರಿಹೋದವರಲ್ಲ. “ಏನಪ್ಪಾ ಶೈಯೆ, ದೆವ್ವ ಕಂಡ ಹಾಗೆ ನಿಂತಿದ್ದೀಯ? ಒಂದು ಮುದುಕೀನ ಹಡಗು ಹತ್ತಿಸೋಕೆ ಇಷ್ಟು ಹೊತ್ತಾ?”

ಹಾಲ್ವಾರ್ ಅವನ ಮುಖವನ್ನೇ ನೋಡುತ್ತಿದ್ದ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅದನ್ನು ನೋಡುವವನಂತೆ ನೋಡುತ್ತಿದ್ದ.

ನಾನು ಏಳನೆಯ ಚಮಚವನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಹಬೆ ಅಂಚಿನಿಂದ ಒಳಕ್ಕೆ ಆರುತ್ತಾ ಬಂತು. ಚುಕ್ಕಿಗಳು ಹೋದವು, ಶಿಲುಬೆ ಹೋಯಿತು, ಕೊಕ್ಕೆ ಹೋಯಿತು. ಬೆಳ್ಳಿ ಮತ್ತೆ ಖಾಲಿಯಾಯಿತು. ಬ್ರಾಂಟ್ ಅಮ್ಮಾವರ ಭುಜ ಸ್ವಲ್ಪ ಇಳಿದದ್ದು ಕಂಡಿತು. ನನಗೂ ಹಾಯೆನಿಸಿತು, ಸುಳ್ಳೇಕೆ ಹೇಳಲಿ.

“ಇದು ನಮ್ಮದಲ್ವಾ?” ಎಂದ ಡಿಡ್ರಿಕ್, ಚಮಚ ಕೈಗೆತ್ತಿಕೊಂಡು. ಅದರ ಬೆನ್ನ ಮೇಲೆ ನನ್ನ ಹೆಬ್ಬೆರಳಿನ ಗುರುತು ಉಳಿದಿತ್ತು. ಅವನ ಹುಬ್ಬು ಗಂಟಿಕ್ಕಿತು. “ಯಾರ ಕೈಯಪ್ಪ ಇದು, ಎಷ್ಟು ಗಲೀಜು ಮಾಡಿದ್ದೀರಿ.”

ನಾನು ಕೈ ಚಾಚಿದೆ. ಅಷ್ಟರಲ್ಲಿ ಅವನು ಒರೆಸಲೆಂದು ಅದನ್ನು ಬಾಯಿಯ ಹತ್ತಿರ ತಂದು, ದೊಡ್ಡದಾಗಿ ಉಸಿರು ಬಿಟ್ಟಿದ್ದ.